ಕೊಡಗಿನ ಮಳೆಗಾಲ ಮತ್ತು ಮಗುವಿನ ಉಸಿರಾಟ: ಹೊಸಬರಿಗೆ ಮಾರ್ಗದರ್ಶಿ

ಬಯಲುಸೀಮೆಯಿಂದ ವರ್ಗವಾಗಿ ಬಂದ ಕುಟುಂಬಗಳು ಮೊದಲ ಮಳೆಗಾಲದಲ್ಲಿ ನಮ್ಮ ಸಂಘದವರಲ್ಲಿ ಹೇಳಿಕೊಳ್ಳುವ ಕಳವಳ ಒಂದೇ: ಮಗುವಿಗೆ ನೆಗಡಿ ಬಿಡುತ್ತಲೇ ಇಲ್ಲ, ಇಲ್ಲಿನ ಹವೆ ಒಗ್ಗಲಿಲ್ಲವೇನೋ. ಹವೆಯೊಂದನ್ನೇ ದೂರಬೇಡಿ. ನೆಗಡಿ ತರುವುದು ವೈರಸ್. ಎಲ್ಲರೂ ಬಾಗಿಲು ಮುಚ್ಚಿ ಒಳಗೇ ಕೂರುವಾಗ ಅದು ಬೇಗ ಹರಡುತ್ತದೆ. ಎಳೆಯ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಸಹಜ.

ಕೆಮ್ಮಿನ ಸದ್ದಿಗಿಂತ ಉಸಿರಿನ ವೇಗವನ್ನು ಗಮನಿಸಿ. ಮಗು ಅಳದೆ ಇರುವಾಗ ಅಂಗಿ ಮೇಲೆತ್ತಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಅಲ್ಲಿಂದ ಒಂದು ವರ್ಷದವರೆಗೆ 50, ಐದು ವರ್ಷದವರೆಗೆ 40 ಅಥವಾ ಅದಕ್ಕೂ ಹೆಚ್ಚಾದರೆ ನ್ಯುಮೋನಿಯಾ ಇರಬಹುದು. ಅದೇ ದಿನ ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದರೆ, ತುಟಿ ನೀಲಿಗಟ್ಟಿದರೆ, ಮಗು ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ ಕಾಯಬೇಡಿ.

ಇಲ್ಲಿ ಮರ ಬಿದ್ದು, ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು. ಅನುಮಾನವಿದ್ದರೆ ಕತ್ತಲಾಗುವ ಮೊದಲೇ ಹೊರಡಿ. ಜೀಪಿರುವ ನೆರೆಯವರ ನಂಬರನ್ನು ಈಗಲೇ ಬರೆದಿಟ್ಟುಕೊಳ್ಳಿ, ಸಂಕೋಚ ಖಂಡಿತ ಬೇಡ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆಯಿದೆ. ವಿರಾಜಪೇಟೆ, ಸೋಮವಾರಪೇಟೆಗಳಲ್ಲಿ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿವೆ.

ಉಸಿರು ಬಿಡುವಾಗ ಸುಂಯ್ ಎಂಬ ಸದ್ದು ಬಂದರೆ ಅದು ಉಬ್ಬಸದ ಲಕ್ಷಣವಿರಬಹುದು. ವೈದ್ಯರು ಇನ್ಹೇಲರ್ ಬರೆದುಕೊಟ್ಟರೆ ಹೆದರಬೇಡಿ, ಅದು ಚಟವಾಗುವುದಿಲ್ಲ. ಅದಕ್ಕೆ ಜೋಡಿಸುವ, ಮಾಸ್ಕ್ ಇರುವ ಸ್ಪೇಸರ್ ಎಂಬ ಕೊಳವೆಯ ಮೂಲಕ ಕೊಡುವುದನ್ನು ಅವರಿಂದಲೇ ಕಲಿತುಕೊಳ್ಳಿ. ಮಳೆಗೆ ಕರೆಂಟ್ ಹೋದಾಗ ಔಷಧಿಯನ್ನು ಮಂಜಿನಂತೆ ಮಾಡಿ ಕೊಡುವ ನೆಬ್ಯುಲೈಸರ್ ಯಂತ್ರ ನಿಂತುಹೋಗುತ್ತದೆ, ಸ್ಪೇಸರ್ ಕೈಬಿಡುವುದಿಲ್ಲ.

ಮನೆಯೊಳಗಿನ ಹೊಗೆಯ ಬಗ್ಗೆ ನಾವು ಒತ್ತಿ ಹೇಳಲೇಬೇಕು. ಚಳಿಗೆಂದು ಕೆಂಡದ ಬಳಿ ಕೂಸನ್ನು ಮಲಗಿಸುವುದು, ಸ್ನಾನದ ನಂತರ ಸಾಂಬ್ರಾಣಿ ಹೊಗೆ ಹಿಡಿಯುವುದು ಪ್ರೀತಿಯಿಂದಲೇ ನಡೆಯುತ್ತದೆ, ಆದರೆ ಎಳೆಯ ಶ್ವಾಸಕೋಶಕ್ಕೆ ಅದು ಕೇಡು. ಬೀರುವಿನ ಹಿಂದಿನ ಗೋಡೆಗೆ ಹಿಡಿದ ಬೂಷ್ಟನ್ನೂ ಒರೆಸಿ ತೆಗೆಯಿರಿ.

ಮೂಗು ಕಟ್ಟಿದರೆ ಔಷಧಿ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿಗಳು ಸಾಕು. ಎದೆಹಾಲನ್ನು ಮತ್ತೆ ಮತ್ತೆ ಕುಡಿಸಿ. ಒಂದು ವರ್ಷ ತುಂಬಿದ ಮಗುವಿಗೆ ಚಮಚದಷ್ಟು ಜೇನು ಕೊಡಬಹುದು, ಅದಕ್ಕಿಂತ ಚಿಕ್ಕ ಕೂಸಿಗೆ ಖಂಡಿತ ಬೇಡ. ವೈದ್ಯರು ಹೇಳದೆ ಕೆಮ್ಮಿನ ಸಿರಪ್, ಹಿಂದಿನ ಸಲ ಉಳಿದ ಆಂಟಿಬಯಾಟಿಕ್ ಕೊಡಬೇಡಿ.

ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಯನ್ನು 6 ಮತ್ತು 14ನೇ ವಾರ ಹಾಗೂ 9ನೇ ತಿಂಗಳಲ್ಲಿ ಸರ್ಕಾರವೇ ಉಚಿತವಾಗಿ ಹಾಕುತ್ತದೆ. ಊರು ಬದಲಾಯಿಸುವ ಗಡಿಬಿಡಿಯಲ್ಲಿ ಒಂದು ಡೋಸ್ ತಪ್ಪಿದ್ದರೆ ತಾಯಿ ಕಾರ್ಡ್ ಹಿಡಿದು ಹತ್ತಿರದ ಅಂಗನವಾಡಿಗೆ ಹೋಗಿ, ಆಶಾ ಕಾರ್ಯಕರ್ತೆಯನ್ನು ಕೇಳಿ.