ಎಲೆಕ್ಟ್ರಿಕ್ ಗಿಟಾರ್ ತಂತಿ: ಪ್ಯಾಕೆಟ್ ಮೇಲಿನ ನಂಬರ್ ಬಿಡಿ, ಬಿಗಿತ ನೋಡಿ

ತಂತಿ ಕೊಳ್ಳುವಾಗ ಬಹಳ ಜನ ಕೇಳುವುದು ಒಂದೇ: ನೈನಾ, ಟೆನ್ನಾ? ಅಂದರೆ ಎಲ್ಲಕ್ಕಿಂತ ತೆಳುವಾದ ಇ ತಂತಿ 0.009 ಇಂಚೋ, 0.010 ಇಂಚೋ ಅಂತ. ಉಳಿದ ಐದು ತಂತಿಗಳ ದಪ್ಪ ಎಷ್ಟು ಅಂತ ನೋಡುವವರು ಕಡಿಮೆ. ಆದರೆ ತೊಂದರೆ ಇರುವುದು ಹೆಚ್ಚಾಗಿ ಆ ಐದರಲ್ಲೇ. ಬಿ ತಂತಿ ಬೆರಳಿನ ಕೆಳಗೆ ಜೋಲು ಅನ್ನಿಸುತ್ತದೆ, ಎ ತಂತಿ ಗಟ್ಟಿಯಾಗಿ ಎದುರು ನಿಲ್ಲುತ್ತದೆ, ಆಗ ನಾವು ನಮ್ಮ ಕೈಯನ್ನೇ ಅನುಮಾನಿಸುತ್ತೇವೆ. ಸುಮಾರು ಸಲ ಕೈಯದ್ದಲ್ಲ, ಸೆಟ್‌ನದ್ದೇ ವ್ಯತ್ಯಾಸ.

ಬಿಗಿತವನ್ನು ನಿರ್ಧರಿಸುವುದು ಮೂರೇ ಸಂಗತಿ. ತಂತಿ ಯಾವ ಸ್ವರಕ್ಕೆ ಶ್ರುತಿಯಾಗಿದೆ, ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿ ಕೂರುವ ಸೀಳುಗಳಿರುವ ಪಟ್ಟಿ) ಬ್ರಿಡ್ಜ್‌ವರೆಗೆ (ಗಿಟಾರ್ ಮೈ ಮೇಲೆ ತಂತಿಗೆ ಆಧಾರ ಕೊಡುವ ಭಾಗ) ಎಷ್ಟು ಉದ್ದ, ಒಂದು ಇಂಚು ತಂತಿ ಎಷ್ಟು ತೂಕ. ಅಷ್ಟೇ. ಬ್ರ್ಯಾಂಡ್ ಯಾವುದೇ ಇರಲಿ, ಈ ಮೂರೂ ಒಂದೇ ಆಗಿದ್ದರೆ ಬಿಗಿತವೂ ಒಂದೇ.

ಸಾಮಾನ್ಯವಾಗಿ ಸಿಗುವ 10-46 ಸೆಟ್ ತೆಗೆದುಕೊಳ್ಳಿ, ಅಂದರೆ ತೆಳು ಇ 0.010 ಇಂಚು, ದಪ್ಪ ಇ 0.046 ಇಂಚು. ನಟ್‌ನಿಂದ ಬ್ರಿಡ್ಜ್‌ವರೆಗೆ 25.5 ಇಂಚು ಇರುವ ಗಿಟಾರ್‌ನಲ್ಲಿ, ಮಾಮೂಲಿ ಟ್ಯೂನಿಂಗ್‌ನಲ್ಲಿ, ಡಿಅಡಾರಿಯೊ ಕಂಪನಿಯ ನಿಕಲ್ ಲೇಪದ ತಂತಿಗಳಿಗೆ ಲೆಕ್ಕ ಹೀಗಿದೆ. ತೆಳು ಇ 16.2 ಪೌಂಡ್, ಬಿ 15.4, ಜಿ 16.6, ಡಿ 18.4, ಎ 19.5, ದಪ್ಪ ಇ 17.5. ಒಟ್ಟು ನೂರಕ್ಕೂ ಜಾಸ್ತಿ, ಅಂದರೆ ಸುಮಾರು 47 ಕಿಲೋ ಎಳೆತವನ್ನು ಆ ಮರದ ಕತ್ತು ಹಗಲೂ ರಾತ್ರಿ ತಡೆದುಕೊಂಡಿರುತ್ತದೆ. ಬಿ ಮತ್ತು ಎ ನಡುವೆ 4 ಪೌಂಡ್‌ಗೂ ಜಾಸ್ತಿ ಅಂತರ ಇದೆ ಅಲ್ವಾ? ಬಿ ಜೋಲು, ಎ ಗಟ್ಟಿ ಅನ್ನಿಸುವುದಕ್ಕೆ ಕಾರಣ ಅದೇ.

ಇದನ್ನು ಸಮ ಮಾಡುವುದು ಕಷ್ಟವಲ್ಲ. ಬಿ ತಂತಿಯನ್ನು 13ರಿಂದ (ಅಂದರೆ 0.013 ಇಂಚು) 13.5ಕ್ಕೆ ಏರಿಸಿ, ಬಿಗಿತ 16.6ಕ್ಕೆ ಬರುತ್ತದೆ. ಡಿ 26ರ ಬದಲು 25 ಹಾಕಿದರೆ ಸುಮಾರು 17. ಎ 36ರ ಬದಲು 34 ಹಾಕಿದರೆ ಸುಮಾರು 17.5. ಈಗ ಆರೂ ತಂತಿ ಒಂದೂವರೆ ಪೌಂಡ್‌ನೊಳಗೆ ಬಂದು ನಿಂತವು. ಬ್ಯಾಲೆನ್ಸ್ಡ್ ಟೆನ್ಶನ್ ಅಂತ ಮಾರುವ ಸೆಟ್‌ಗಳಲ್ಲಿ ಇರುವುದು ಇಂಥ ಹೊಂದಾಣಿಕೆಯೇ. ಸೆಟ್ ಸಿಗದಿದ್ದರೆ ಬಿಡಿ ತಂತಿ ತಂದು ನೀವೇ ಜೋಡಿಸಿಕೊಳ್ಳಬಹುದು.

9-42 ಹಾಕುವವರಿಗೆ ಈ ಏರುಪೇರು ಇನ್ನೂ ಚೆನ್ನಾಗಿ ಕಾಣುತ್ತದೆ. ತೆಳು ಇ 13.1 ಪೌಂಡ್, ಬಿ ಬರೀ 11. ನನ್ನ ಪ್ರಕಾರ ಈ ಸೆಟ್‌ನಲ್ಲಿ ಮೊದಲು ಬದಲಿಸಬೇಕಾದದ್ದು ಆ 11ರ ಬಿ ತಂತಿ. 12 ಹಾಕಿ ನೋಡಿ, ಅದೂ 13.1ಕ್ಕೇ ಬರುತ್ತದೆ. ಒಂದೇ ತಂತಿ ಬದಲಿಸಿದ್ದಕ್ಕೆ ಇಷ್ಟು ವ್ಯತ್ಯಾಸವಾ ಅನ್ನಿಸುತ್ತದೆ.

ಸುತ್ತು ಇಲ್ಲದ ಬರಿ ತಂತಿಗಳಿಗೆ ಒಂದು ಸುಲಭ ಲೆಕ್ಕ ನೆನಪಿಟ್ಟುಕೊಳ್ಳಿ. ಬಿಗಿತ ದಪ್ಪದ ವರ್ಗದಂತೆ ಏರುತ್ತದೆ. ಹೊಸ ದಪ್ಪವನ್ನು ಹಳೆಯದರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. 10ರಿಂದ 11ಕ್ಕೆ ಹೋದರೆ 1.1 ಗುಣಿಸು 1.1, ಅಂದರೆ 21 ಪ್ರತಿಶತ ಜಾಸ್ತಿ. ಒಂದೇ ನಂಬರ್ ತಾನೇ ಅಂತ ಏರಿಸಿದವರ ಬೆರಳು ನೋಯುವುದು ಇದಕ್ಕೇ. ಸುತ್ತಿನ ತಂತಿಗೆ ಈ ಲೆಕ್ಕ ಅಂದಾಜು ಮಾತ್ರ, ಒಳಗಿನ ಕೋರ್ ಮತ್ತು ಹೊರಗಿನ ಸುತ್ತು ಸೇರಿ ತೂಕ ಆಗುವುದರಿಂದ ತಯಾರಕರು ಕೊಡುವ ಬಿಗಿತದ ಪಟ್ಟಿಯನ್ನೇ ನೋಡಬೇಕು.

ಗಿಟಾರ್ ಉದ್ದವನ್ನೂ ಮರೆಯಬೇಡಿ. ಸ್ಟ್ರ್ಯಾಟ್, ಟೆಲಿ ಮಾದರಿಗಳ ಸ್ಕೇಲ್, ಅಂದರೆ ನಟ್‌ನಿಂದ ಬ್ರಿಡ್ಜ್‌ವರೆಗಿನ ಉದ್ದ, 25.5 ಇಂಚು. ಲೆಸ್ ಪಾಲ್ ಮಾದರಿಯದ್ದು 24.75 ಅಂತ ಹೇಳುತ್ತಾರೆ. ಅದೇ ತಂತಿ ಅಲ್ಲಿ ಸುಮಾರು 6 ಪ್ರತಿಶತ ಸಡಿಲ. 16.2 ಇದ್ದದ್ದು 15.3 ಆಗುತ್ತದೆ. ಎರಡೂ ಬಗೆಯ ಗಿಟಾರ್ ಇಟ್ಟುಕೊಂಡು ಎರಡರಲ್ಲೂ ಒಂದೇ ಹಿಡಿತ ಬೇಕು ಅನ್ನುವವರು ಚಿಕ್ಕದಕ್ಕೆ 10.5 ಹಾಕಿ ನೋಡಲಿ. ಶ್ರುತಿ ಇಳಿಸಿದರೂ ಇದೇ ಕಥೆ: ಅರ್ಧ ಸ್ವರ ಇಳಿಸಿದರೆ 11 ಪ್ರತಿಶತ ಬಿಗಿತ ಹೋಗುತ್ತದೆ, ಒಂದು ಸ್ವರ ಇಳಿಸಿದರೆ 21. ಹಾಗಾಗಿ ಪೂರ್ತಿ ಒಂದು ಸ್ವರ ಇಳಿಸಿ ನುಡಿಸುವವರಿಗೆ 11ರ ಸೆಟ್, ಮಾಮೂಲಿ ಶ್ರುತಿಯ 10ಕ್ಕೆ ಹತ್ತಿರ ಹತ್ತಿರ ಬರುತ್ತದೆ. ಡ್ರಾಪ್ ಡಿ (ದಪ್ಪ ಇ ತಂತಿಯೊಂದನ್ನೇ ಒಂದು ಸ್ವರ ಇಳಿಸುವುದು) ಮಾತ್ರ ಬೇಕಿದ್ದರೆ ಇಡೀ ಸೆಟ್ ಯಾಕೆ ಬದಲಿಸಬೇಕು? 46 ಅಲ್ಲಿ 14 ಪೌಂಡ್ ಆಸುಪಾಸಿಗೆ ಇಳಿಯುತ್ತದೆ. ಆ ಒಂದನ್ನು ದಪ್ಪ ಮಾಡಿದರೆ ಸಾಕು.

ಈಗ ಮುಖ್ಯವಾದ ಮಾತು. ಬಿಗಿತ ಸಮ ಆಯಿತು ಅಂದ ಮಾತ್ರಕ್ಕೆ ಅನುಭವ ಸಮ ಆಗುವುದಿಲ್ಲ. ತೆಳು ಇ ಮತ್ತು ಬರಿ ಜಿ ತಂತಿ ಎರಡೂ 16 ಪೌಂಡ್ ಚಿಲ್ಲರೆ, ಆದರೆ ಬೆಂಡ್ ಮಾಡಿ ನೋಡಿ, ಅಂದರೆ ಒತ್ತಿದ ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸಿ. ಜಿ ಸ್ವಲ್ಪ ತಳ್ಳಿದರೂ ಸ್ವರ ಜಿಗಿಯುತ್ತದೆ, ಇ ಅದೇ ಸ್ವರಕ್ಕೆ ಬರಲು ತುಂಬಾ ದೂರ ಹೋಗಬೇಕು. ಯಾಕೆಂದರೆ ಜಿ ತಂತಿಯಲ್ಲಿ ಉಕ್ಕು ದಪ್ಪ, ಒಂದಿಷ್ಟು ಹಿಗ್ಗಿಸಿದರೂ ಅದರ ಎಳೆತ ಬೇಗ ಏರುತ್ತದೆ. ಜಿ ಶ್ರುತಿ ನಿಲ್ಲುತ್ತಿಲ್ಲ ಅಂತ ಬೇಸರ ಮಾಡಿಕೊಳ್ಳುವವರಲ್ಲಿ ಎಷ್ಟೋ ಜನ ಕಾರ್ಡ್ ಹಿಡಿಯುವಾಗ ಅದನ್ನು ಗೊತ್ತಿಲ್ಲದೆ ಜೋರಾಗಿ ಒತ್ತುತ್ತಿರುತ್ತಾರೆ. ಸುತ್ತು ಇರುವ ಜಿ ಹಾಕಿದರೆ ಒಳಗಿನ ಕೋರ್ ತೆಳು, ಕಾರ್ಡ್‌ಗಳು ಶ್ರುತಿಯಲ್ಲಿ ಶಾಂತವಾಗಿ ನಿಲ್ಲುತ್ತವೆ. ಆದರೆ ಬೆಂಡ್ ಮಾಡುವುದು ಕಷ್ಟ. ರಿದಮ್, ಜಾಝ್ ನುಡಿಸುವವರಿಗೆ ಅದು ಚೆಂದ. ಬ್ಲೂಸ್ ನುಡಿಸುವವರು ಆ ಕಡೆ ಹೋಗದಿರುವುದೇ ಒಳ್ಳೆಯದು.

ನಟ್‌ನಿಂದ ಆಚೆ, ಬ್ರಿಡ್ಜ್‌ನಿಂದ ಹಿಂದೆ ಇರುವ ತಂತಿಯ ಉದ್ದವೂ ಬಿಗಿತ ಬದಲಿಸುವುದಿಲ್ಲ, ಅನುಭವ ಮಾತ್ರ ಬದಲಿಸುತ್ತದೆ. ಆ ಹೆಚ್ಚುವರಿ ಭಾಗವೂ ಬೆಂಡ್ ಮಾಡುವಾಗ ಹಿಗ್ಗುವುದರಿಂದ ನೀವು ಇನ್ನಷ್ಟು ದೂರ ತಳ್ಳಬೇಕಾಗುತ್ತದೆ. ತಂತಿಯನ್ನು ಅಲ್ಲೇ ಬಿಗಿಯಾಗಿ ಹಿಡಿಯುವ ಲಾಕಿಂಗ್ ನಟ್ ಇರುವ ಗಿಟಾರ್‌ನಲ್ಲಿ ನಟ್ ಆಚೆಗಿನ ಭಾಗ ಲೆಕ್ಕಕ್ಕೇ ಬರುವುದಿಲ್ಲ.

ಹಾಗಂತ ಎಲ್ಲರೂ ಸಮ ಬಿಗಿತಕ್ಕೇ ಬರಬೇಕು ಅಂತ ನಾನು ಹೇಳುತ್ತಿಲ್ಲ. 9-46 ಸೆಟ್ ನೋಡಿ: ತೆಳುವಾದ ಮೂರು ತಂತಿ 11ರಿಂದ 15 ಪೌಂಡ್, ದಪ್ಪನೆಯ ಮೂರು 17.5ರಿಂದ 19.5. ಲೆಕ್ಕದಲ್ಲಿ ಇದು ಪೂರ್ತಿ ಏರುಪೇರು. ಆದರೂ ಜೋರಾಗಿ ರಿಫ್ ಬಾರಿಸಿ, ಸೋಲೋದಲ್ಲಿ ಸಲೀಸಾಗಿ ಬೆಂಡ್ ಮಾಡುವವರಿಗೆ ಇದು ಹೇಳಿ ಮಾಡಿಸಿದ ಸೆಟ್. ಬಲಗೈ ಭಾರವಿರುವವರಿಗೆ ದಪ್ಪ ತಂತಿಗಳು ಸ್ವಲ್ಪ ಬಿಗಿಯಾಗಿಯೇ ಇರಬೇಕು, ಇಲ್ಲದಿದ್ದರೆ ಪಿಕ್ ತಗುಲಿದ ಕ್ಷಣ ಸ್ವರ ಮೇಲೆ ಹೋಗಿ ಇಳಿಯುತ್ತದೆ, ಫ್ರೆಟ್‌ಗೂ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಬಡಿಯುತ್ತದೆ. ಬೆರಳಲ್ಲಿ ಮೀಟುವವರಿಗೆ, ಆರೂ ತಂತಿಯಲ್ಲಿ ಸಮನಾಗಿ ಓಡಾಡುವವರಿಗೆ ಸಮ ಬಿಗಿತ ನಿಜವಾಗಿಯೂ ಸುಖ.

ನಿಮಗೆ ಏನು ಬೇಕು ಅಂತ ತಿಳಿಯುವುದು ಹೇಗೆ? ಮೊದಲು ತಂತಿಯ ಎತ್ತರ ನೋಡಿ. ನಟ್ ಅಥವಾ ಬ್ರಿಡ್ಜ್ ಎತ್ತರವಿದ್ದರೆ ತೆಳು ತಂತಿಯೂ ಗಟ್ಟಿ ಅನ್ನಿಸುತ್ತದೆ, ಸುಮ್ನೆ ತಂತಿಯ ಮೇಲೆ ತಪ್ಪು ಹೊರಿಸುತ್ತೀರಿ. ಆಮೇಲೆ ಸರಿಯಾಗಿ ಶ್ರುತಿ ಮಾಡಿ, 12ನೇ ಫ್ರೆಟ್ ಹತ್ತಿರ ಒಂದೇ ಬೆರಳಿನಿಂದ ಆರೂ ತಂತಿಯನ್ನು ಪಕ್ಕಕ್ಕೆ ತಳ್ಳಿ ನೋಡಿ. ಯಾವುದು ಬೇರೆಯವುಗಳ ಜೊತೆ ಹೊಂದುತ್ತಿಲ್ಲ ಅಂತ ಬೆರಳೇ ಹೇಳುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಪಟ್ಟಿಯಲ್ಲಿ ಆ ತಂತಿಯ ಪೌಂಡ್ ನೋಡಿ. ಮುಂದಿನ ಸಲ ಸೆಟ್ ಬದಲಿಸುವಾಗ ಆ ಒಂದೋ ಎರಡೋ ತಂತಿಯ ದಪ್ಪವನ್ನು ಮಾತ್ರ ಬದಲಿಸಿ, ಉಳಿದವುಗಳ ದಪ್ಪ ಹಾಗೇ ಇರಲಿ. ಆರರ ದಪ್ಪವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಹಳೆಯ ತಂತಿಯ ಪಕ್ಕ ಹೊಸದನ್ನು ಇಟ್ಟು ಹೋಲಿಸಬೇಡಿ, ತುಕ್ಕು ಬೆವರು ಹಿಡಿದ ತಂತಿಯ ಅನುಭವವೇ ಬೇರೆ. ಹೊಸ ಸೆಟ್‌ಗೆ ಕೆಲವು ದಿನ ಕೊಟ್ಟು ಆಮೇಲೆ ತೀರ್ಮಾನ ಮಾಡಿ.

ಒಂದೆರಡು ತಂತಿ ಸ್ವಲ್ಪ ಬದಲಾದರೆ ಸಾಮಾನ್ಯವಾಗಿ ಇಂಟೊನೇಶನ್, ಅಂದರೆ ಕತ್ತಿನ ಉದ್ದಕ್ಕೂ ಸ್ವರ ಸರಿಯಾಗಿ ಬರುತ್ತದೆಯಾ ಅಂತ, ನೋಡಿದರೆ ಸಾಕು. ಇಡೀ ಸೆಟ್ 9ರಿಂದ 10ಕ್ಕೆ ಅಥವಾ 10ರಿಂದ 11ಕ್ಕೆ ಹೋದರೆ ಕತ್ತು ಮುಂದಕ್ಕೆ ಬಾಗುತ್ತದೆ, ಅದರೊಳಗೆ ಬಾಗು ಸರಿಪಡಿಸಲು ಇರುವ ಲೋಹದ ಸರಳು, ಟ್ರಸ್ ರಾಡ್, ಸ್ವಲ್ಪ ಬಿಗಿ ಮಾಡಬೇಕಾಗಬಹುದು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಫ್ಲೋಟಿಂಗ್ ಟ್ರೆಮೊಲೊ (ಸ್ಪ್ರಿಂಗ್ ಎಳೆತದ ಮೇಲೆ ತೇಲುವ ಬ್ರಿಡ್ಜ್) ಇದ್ದರೆ ಬ್ರಿಡ್ಜ್ ಮೇಲೆದ್ದು ನಿಲ್ಲುತ್ತದೆ, ಹಿಂದಿನ ಸ್ಪ್ರಿಂಗ್‌ಗಳನ್ನೂ ಬಿಗಿ ಮಾಡಬೇಕು. ದಪ್ಪ ತಂತಿ ನಟ್‌ನ ಸೀಳಿನಲ್ಲಿ ಸಿಕ್ಕಿಕೊಂಡು ಟ್ಯೂನ್ ಮಾಡುವಾಗ ಟಿಣ್ ಅಂತ ಸದ್ದು ಮಾಡಿದರೆ ಸೀಳನ್ನು ಅಗಲ ಮಾಡಿಸಿ. ಆ ಕೆಲಸಕ್ಕೆ ಸರಿಯಾದ ಅರ ಇರುವವರ ಕೈಗೇ ಕೊಡಿ, ಆಳ ಜಾಸ್ತಿಯಾದರೆ ನಟ್ಟನ್ನೇ ಬದಲಿಸಬೇಕಾಗುತ್ತದೆ.