ಈರುಳ್ಳಿ ಗಡ್ಡೆ ಕಟ್ಟುತ್ತಿಲ್ಲವಾ? ಮೊದಲು ತಳಿ ನೋಡಿ

ಎಲೆ ಸೊಂಪಾಗಿದೆ, ಗಡ್ಡೆ ಮಾತ್ರ ಇಲ್ಲ ಅಂತ ಬಹಳ ಜನ ಕೇಳುತ್ತಾರೆ. ತಪ್ಪು ಹೆಚ್ಚಾಗಿ ತಳಿಯದ್ದು. ಗಡ್ಡೆ ಕಟ್ಟುವುದು ಹಗಲಿನ ಉದ್ದದ ಮೇಲೆ ನಿಂತಿದೆ. ಕೆಲವು ತಳಿಗೆ 10ರಿಂದ 12 ಗಂಟೆ ಹಗಲು ಸಾಕು. ಇನ್ನು ಕೆಲವಕ್ಕೆ 14 ಗಂಟೆಗಿಂತ ಜಾಸ್ತಿ ಬೇಕು. ಹಗಲು ಅಷ್ಟು ಉದ್ದ ಇರದ ಕಡೆ ಎರಡನೇ ಬಗೆಯದನ್ನು ಹಾಕಿದರೆ ಬರೀ ಎಲೆಯೇ ಗತಿ. ಬೀಜವೂ ಹೊಸದಿರಲಿ. ಒಂದೆರಡು ವರ್ಷಕ್ಕೇ ಅದರ ಮೊಳೆಯುವ ಶಕ್ತಿ ಕುಗ್ಗುತ್ತದೆ.

ಸಸಿಗಳ ನಡುವೆ 10 ಸೆಂಟಿಮೀಟರ್ ಬಿಡಿ. ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ, ಹಾಗಾಗಿ ಆಗಾಗ ಸ್ವಲ್ಪ ನೀರು ಕೊಡಿ. ಕಳೆ ಕೀಳುವಾಗ ಆಳಕ್ಕೆ ಅಗೆಯಬೇಡಿ. ಗಡ್ಡೆ ಅರ್ಧ ಹೊರಗೆ ಕಂಡರೆ ಗಾಬರಿಯಾಗಿ ಮಣ್ಣು ಮುಚ್ಚಬೇಡಿ, ಅದು ಹಾಗೇ ಇರಬೇಕು.

ಅರ್ಧಕ್ಕಿಂತ ಜಾಸ್ತಿ ಗಿಡ ಕತ್ತು ಬಾಗಿಸಿ ಮಲಗಿದಾಗ ನೀರು ನಿಲ್ಲಿಸಿ. ಕಿತ್ತ ಮೇಲೆ ಎಲೆ ಸಮೇತ, ಗಾಳಿಯಾಡುವ ನೆರಳಲ್ಲಿ 2ರಿಂದ 3 ವಾರ ಒಣಗಿಸಿ. ಕತ್ತು ಒಣಗುವ ಮುಂಚೆ ಎಲೆ ಕತ್ತರಿಸಿದರೆ ಅಲ್ಲಿಂದಲೇ ಕೊಳೆ ಶುರು. ದಪ್ಪ ಕತ್ತಿನವು, ಹೂದಂಟು ಬಂದವು ಬಾಳಿಕೆ ಬರಲ್ಲ. ಅವನ್ನು ಮೊದಲು ಅಡುಗೆಗೆ ಬಳಸಿ. ಆಲೂಗಡ್ಡೆ ಜೊತೆ ಇಡಬೇಡಿ, ಅದರ ತೇವಕ್ಕೆ ಕೆಡುತ್ತವೆ.

ಅಂದಹಾಗೆ, ಈಜಿಪ್ಟಿನ ದೊರೆ 4ನೇ ರಾಮ್ಸೆಸ್‌ನ ಮಮ್ಮಿಯಲ್ಲಿ ಕಣ್ಣಿನ ಜಾಗಕ್ಕೆ ಸಣ್ಣ ಈರುಳ್ಳಿ ಇಟ್ಟಿದ್ದರು. ಕಣ್ಣೀರು ತರಿಸೋದಕ್ಕೆ ಸಿಕ್ಕ ಜಾಗ ನೋಡಿ!

ಒಣ ಸಿಪ್ಪೆ ಸುಮ್ನೆ ಎಸೆಯಬೇಡಿ. ನೀರಲ್ಲಿ ಕುದಿಸಿ ಸೋಸಿದರೆ ಹತ್ತಿ, ಉಣ್ಣೆಗೆ ಹಳದಿ, ಕಿತ್ತಳೆ ಬಣ್ಣ ಹಾಕಬಹುದು. ಬಟ್ಟೆಯನ್ನು ಮೊದಲು ಪಟಿಕದ ನೀರಲ್ಲಿ ನೆನೆಸಿದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ.