ಅಡುಗೆಮನೆ ಕ್ಯಾಲೆಂಡರಿನಲ್ಲಿ ಇನ್ನೊಂದು ಗುರುತು: ಮುಟ್ಟು ನಿಲ್ಲುವ ವಯಸ್ಸಿಗೆ ತಯಾರಾಗುವುದು ಹೇಗೆ?

ನಲವತ್ತು ದಾಟಿದ ಹೆಂಗಸಿಗೆ ತಿಂಗಳು ತಪ್ಪಲಿ, ಹದಿನೈದು ದಿನಕ್ಕೇ ಮತ್ತೆ ಆಗಲಿ, ಹತ್ತು ದಿನ ನಿಲ್ಲದೆ ಹೋಗಲಿ, ಮನೆಯಲ್ಲಿ ಸಿಗುವ ಉತ್ತರ ಒಂದೇ: ‘ವಯಸ್ಸಾಯ್ತಲ್ಲ, ಹಾಗೇ ಇರುತ್ತೆ, ತಡ್ಕೋ.’ ತಡೆದುಕೊಂಡು ಸುಸ್ತಾಗಿ ಆಸ್ಪತ್ರೆಗೆ ಹೋದರೆ ಕೆಲವು ಕಡೆ ಇನ್ನೊಂದು ಉತ್ತರ ಕಾದಿರುತ್ತದೆ: ‘ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ.’ ಇವೆರಡರ ನಡುವೆ ಮಾಡಬಹುದಾದದ್ದು ಬೇಕಾದಷ್ಟಿದೆ.

ಮೊದಲು ಒಂದು ಲೆಕ್ಕ. ಸತತ ಹನ್ನೆರಡು ತಿಂಗಳು ಮುಟ್ಟಾಗದೆ ಇದ್ದರೆ ಮಾತ್ರ ಮುಟ್ಟು ನಿಂತಿದೆ, ಅಂದರೆ ಮೆನೋಪಾಸ್ ಆಗಿದೆ ಎನ್ನಬಹುದು. ಭಾರತದಲ್ಲಿ ಇದು ಸರಾಸರಿ 46–47ನೇ ವಯಸ್ಸಿಗೆ ಆಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ 51ರ ಆಸುಪಾಸು. ಆದ್ದರಿಂದ ಅಲ್ಲಿನವರು ಬರೆದದ್ದನ್ನು ಓದಿ ‘ನನಗಿನ್ನೂ 43, ಈಗಲೇ ಯಾಕೆ’ ಅಂದುಕೊಳ್ಳಬೇಡಿ. ಪೂರ್ತಿ ನಿಲ್ಲುವುದಕ್ಕೆ ಕೆಲವು ವರ್ಷ ಮೊದಲೇ ಅಂಡಾಶಯದ ಕೆಲಸ ಏರುಪೇರಾಗಲು ಶುರುವಾಗುತ್ತದೆ. ಅಂಡಾಶಯ ತಯಾರಿಸುವ ಈಸ್ಟ್ರೊಜೆನ್ ಹಾರ್ಮೋನು ಒಂದೇ ಸಮನೆ ಇಳಿಯುವುದಿಲ್ಲ. ಒಂದು ತಿಂಗಳು ಜಾಸ್ತಿ, ಇನ್ನೊಂದು ತಿಂಗಳು ಕಡಿಮೆ. ಜಾಸ್ತಿ ಕಾಟ ಕೊಡುವುದು ಈ ಏರಿಳಿತವೇ.

ಮೊದಲ ಹೆಜ್ಜೆ: ಬರೆದಿಡಿ

ಹಾಲು ಬಾರದ ದಿನ, ಸಿಲಿಂಡರ್ ಬದಲಿಸಿದ ದಿನ, ಚೀಟಿ ಕಟ್ಟುವ ದಿನ, ಎಲ್ಲವನ್ನೂ ನಾವು ಗುರುತು ಹಾಕುವುದು ಗೋಡೆಯ ಕ್ಯಾಲೆಂಡರಿನಲ್ಲೇ ಅಲ್ವಾ? ಅದೇ ಚೌಕದ ಮೂಲೆಯಲ್ಲಿ ಇನ್ನೊಂದು ಗುರುತು ಹಾಕಿ. ಮುಟ್ಟಾದ ಪ್ರತಿ ದಿನಕ್ಕೆ ಕೆಂಪು ಪೆನ್ನಿನಲ್ಲಿ ಒಂದು ಚುಕ್ಕೆ. ಜಾಸ್ತಿ ಹೋದ ದಿನ ಆ ಚುಕ್ಕೆಗೊಂದು ಸುತ್ತು. ಮೈ ಬಿಸಿ ಏರಿದ ದಿನ ‘ಬಿ’, ನಿದ್ದೆ ಕೆಟ್ಟ ರಾತ್ರಿಗೆ ‘ನಿ’. ಇಷ್ಟೇ. ಆ್ಯಪ್ ಬೇಕೆನ್ನುವವರು ಆ್ಯಪ್ ಬಳಸಲಿ, ಆದರೆ ಒಗ್ಗರಣೆ ಹಾಕುತ್ತಲೇ ಹಾಕಬಹುದಾದ ಚುಕ್ಕೆಯೇ ವರ್ಷಗಟ್ಟಲೆ ತಪ್ಪದೆ ನಡೆದೀತು. ಮನೆಮಂದಿಗೆ ತಿಳಿಯುತ್ತದೆ ಎಂಬ ಸಂಕೋಚವೇ? ಚುಕ್ಕೆ ಏನೆಂದು ಯಾರಿಗೂ ತಿಳಿಯುವುದಿಲ್ಲ. ತಿಳಿದರೂ ಏನಾಯಿತು!

ವರ್ಷ ಮುಗಿದ ಮೇಲೆ ಆ ಕ್ಯಾಲೆಂಡರನ್ನು ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕಬೇಡಿ. ಎತ್ತಿಡಿ.

ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಬಾರದು

ಎರಡು ತಿಂಗಳಿಗೊಮ್ಮೆ ಆಗುವುದು, ಒಮ್ಮೆ ಕಡಿಮೆ ಹೋಗುವುದು, ಮಧ್ಯೆ ಒಂದು ತಿಂಗಳು ತಪ್ಪುವುದು ಈ ವಯಸ್ಸಿನಲ್ಲಿ ಮಾಮೂಲು. ತಪ್ಪಿದಾಗ ಗರ್ಭ ನಿಂತಿಲ್ಲವೆಂದು ಮೂತ್ರ ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಿ. ನಲವತ್ತೈದರಲ್ಲೂ ಗರ್ಭ ನಿಲ್ಲಬಹುದು.

ಇನ್ನು ಕಾಯಬಾರದ್ದು. ಗಂಟೆ–ಎರಡು ಗಂಟೆಗೊಮ್ಮೆ ಪ್ಯಾಡ್ ತುಂಬಿ ಬದಲಿಸಬೇಕಾಗುವುದು. ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡದಾಗಿ ರಕ್ತ ಹೆಪ್ಪುಗಟ್ಟಿ ಹೋಗುವುದು. ಏಳು ದಿನ ದಾಟಿದರೂ ನಿಲ್ಲದಿರುವುದು. ಎರಡು ಮುಟ್ಟಿನ ಮಧ್ಯೆ ಅಥವಾ ಗಂಡ–ಹೆಂಡತಿ ಕೂಡಿದ ಮೇಲೆ ರಕ್ತ ಕಾಣಿಸುವುದು. ಇವಕ್ಕೆ ‘ವಯಸ್ಸು’ ಕಾರಣ ಅಂತ ಸುಮ್ನೆ ಇರಬೇಡಿ. ನಲವತ್ತು ತುಂಬುವ ಮೊದಲೇ ಮುಟ್ಟು ನಿಲ್ಲುತ್ತಿದ್ದರಂತೂ ‘ಪೀಡೆ ತೊಲಗಿತು’ ಎಂದು ಖುಷಿಪಡುವ ವಿಷಯವಲ್ಲ. ಅಷ್ಟು ಬೇಗ ಈಸ್ಟ್ರೊಜೆನ್ ಇಲ್ಲದಾದರೆ ಮೂಳೆ, ಹೃದಯ ಎರಡಕ್ಕೂ ಪೆಟ್ಟು. ಅಂಥವರಿಗೆ ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡುವುದೇ ಸಾಮಾನ್ಯ ಚಿಕಿತ್ಸೆ.

ಡಾಕ್ಟರ ಮುಂದೆ ಏನು ಹೇಳಬೇಕು

ಸಾಮಾನ್ಯವಾಗಿ ನಡೆಯುವ ಮಾತುಕತೆ ಇದು:

‘ಏನಮ್ಮಾ, ಏನು ತೊಂದರೆ?’

‘ಏನಿಲ್ಲ ಡಾಕ್ಟ್ರೇ, ಸುಸ್ತು.’

‘ಬಿ ಕಾಂಪ್ಲೆಕ್ಸ್ ಬರ್ಕೊಡ್ತೀನಿ, ಹದಿನೈದು ದಿನ ತಗೊಳ್ಳಿ.’

ಮುಗಿಯಿತು. ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿರುತ್ತಾರೆ, ಡಾಕ್ಟರನ್ನು ಅಂದೂ ಪ್ರಯೋಜನವಿಲ್ಲ. ಅದರ ಬದಲು ಹೀಗೆ ಹೇಳಿ ನೋಡಿ: ‘ಡಾಕ್ಟ್ರೇ, ನನಗೆ 46. ಕಳೆದ ಮೂರು ಸಲ ಒಂಬತ್ತೊಂಬತ್ತು ದಿನ ಹೋಯ್ತು. ಎರಡನೇ ದಿನ ಗಂಟೆಗೊಂದು ಪ್ಯಾಡ್. ಮೆಟ್ಟಿಲು ಹತ್ತಿದರೆ ಏದುಸಿರು. ಇಲ್ಲಿದೆ ನೋಡಿ.’ ಎಂದು ಕ್ಯಾಲೆಂಡರಿನ ಹಾಳೆಗಳ ಫೋಟೊ ತೋರಿಸಿ. ಒಂದೇ ನಿಮಿಷದಲ್ಲಿ ಮಾತು ಬೇರೆ ದಾರಿ ಹಿಡಿಯುತ್ತದೆ.

ಕೇಳಬೇಕಾದ ಪರೀಕ್ಷೆಗಳು: ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿಪಿ. ಥೈರಾಯ್ಡ್ ಯಾಕೆಂದರೆ ಬೆವರು, ಎದೆ ಬಡಿತ, ತೂಕ ಏರುವುದು, ಮುಟ್ಟಿನ ಏರುಪೇರು ಅದರಿಂದಲೂ ಬರುತ್ತವೆ. ನಾವು ಅದನ್ನೆಲ್ಲ ಮೆನೋಪಾಸ್ ಎಂದು ಸಹಿಸಿಕೊಂಡು ಕೂತಿರುತ್ತೇವೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದಿದೆ. ರಕ್ತಸ್ರಾವ ಜಾಸ್ತಿ ಇದ್ದರೆ ಸ್ಕ್ಯಾನಿಂಗ್ ಬೇಕು. 45 ದಾಟಿದವರಿಗೆ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುವುದೂ ಉಂಟು. ಹೆದರಬೇಡಿ, ಕ್ಯಾನ್ಸರ್ ಇಲ್ಲವೆಂದು ಖಚಿತ ಮಾಡಿಕೊಳ್ಳಲು ಇರುವ ದಾರಿ ಅದು.

ದುಡ್ಡು ಉಳಿಸುವ ಒಂದು ಮಾತು. 45 ದಾಟಿ, ಮುಟ್ಟು ಏರುಪೇರಾಗಿ, ಬಿಸಿ ಏರುತ್ತಿದ್ದರೆ ‘ಮೆನೋಪಾಸ್ ಹೌದೋ ಅಲ್ಲವೋ’ ಎಂದು ತಿಳಿಯಲು ಎಫ್‌ಎಸ್‌ಎಚ್ ಎಂಬ ಹಾರ್ಮೋನು ಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ. ಆ ಅಂಕಿ ಇವತ್ತೊಂದು, ಮುಂದಿನ ವಾರ ಇನ್ನೊಂದು. ಲ್ಯಾಬುಗಳ ‘ಮಹಿಳಾ ಪ್ಯಾಕೇಜ್’ ಜಾಹೀರಾತಿಗೆ ಮರುಳಾಗಬೇಡಿ. ಬಿಪಿ, ಸಕ್ಕರೆ, ಸ್ತನ ಮತ್ತು ಗರ್ಭಕಂಠದ ತಪಾಸಣೆಗಳು 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ ಹೋಗಬೇಕೆಂದು ಹೇಳುತ್ತಾರೆ.

‘ತೆಗೆಸಿಬಿಡಿ’ ಎಂದಾಗ

ಇಲ್ಲಿ ಸ್ವಲ್ಪ ನಿಧಾನಿಸೋಣ. 2015–16ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರು ಆಗಲೇ ಗರ್ಭಕೋಶ ತೆಗೆಸಿಕೊಂಡಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಗೆ ಆಪರೇಷನ್ ಆದದ್ದು 34 ದಾಟುವ ಮೊದಲೇ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರು ‘ಬೇಡದ ಆಪರೇಷನ್ ಮಾಡಿದರು’ ಎಂದು ಬೀದಿಗಿಳಿದು ಕೇಳಿದ್ದು ನಮ್ಮ ರಾಜ್ಯದ್ದೇ ಕಥೆ. ಕೇಂದ್ರ ಸರ್ಕಾರ 2022ರಲ್ಲಿ ಇದಕ್ಕೆ ಮಾರ್ಗಸೂಚಿ ತಂದಿತು. ಅದನ್ನು ಮೂರು ತಿಂಗಳೊಳಗೆ ಜಾರಿ ಮಾಡಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು.

ಗರ್ಭಕೋಶ ತೆಗೆಯುವುದೇ ತಪ್ಪು ಎಂದಲ್ಲ. ಕ್ಯಾನ್ಸರ್ ಇದ್ದರೆ, ದೊಡ್ಡ ಗಡ್ಡೆಗಳಿದ್ದರೆ, ಔಷಧಕ್ಕೆ ಜಗ್ಗದ ರಕ್ತಸ್ರಾವವಿದ್ದರೆ ಅದೇ ಸರಿಯಾದ ದಾರಿ. ಆದರೆ ಅದು ಕೊನೆಯ ಮೆಟ್ಟಿಲು. ಡಾಕ್ಟರನ್ನು ಇಷ್ಟು ಕೇಳಿ: ‘ಸ್ಕ್ಯಾನಿಂಗ್‌ನಲ್ಲಿ ಏನಿದೆ? ಇದಕ್ಕೆ ಮೊದಲು ಮಾತ್ರೆ ನೋಡಬಹುದಾ? ಗರ್ಭಕೋಶದೊಳಗೆ ಇಡುವ ಹಾರ್ಮೋನು ವಂಕಿ ಹಾಕಿಸಬಹುದಾ? ಅಂಡಾಶಯ ಉಳಿಸ್ತೀರಾ?’

ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆಯನ್ನು ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವುದು. ಹಾರ್ಮೋನು ವಂಕಿ ಐದು ವರ್ಷವಾದರೂ ಕೆಲಸ ಮಾಡುತ್ತದೆ, ಅಷ್ಟರಲ್ಲಿ ಎಷ್ಟೋ ಜನಕ್ಕೆ ಮುಟ್ಟೇ ನಿಂತಿರುತ್ತದೆ. ಫೈಬ್ರಾಯ್ಡ್ ಗಡ್ಡೆಗಳು ಸಾಮಾನ್ಯವಾಗಿ ಮುಟ್ಟು ನಿಂತ ಮೇಲೆ ತಾವಾಗಿಯೇ ಕುಗ್ಗುತ್ತವೆ. ನಾಲ್ಕನೆಯ ಪ್ರಶ್ನೆಯನ್ನಂತೂ ಬಿಡಲೇಬೇಡಿ. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರೆ ಮರುದಿನದಿಂದಲೇ ಮೆನೋಪಾಸ್ ಶುರು. ವರ್ಷಗಟ್ಟಲೆ ಹಿಡಿದು ಆಗಬೇಕಾದದ್ದು ರಾತ್ರೋರಾತ್ರಿ ಆಗುತ್ತದೆ. ಉತ್ತರ ಕೊಡಲು ಡಾಕ್ಟರು ಸಿಡುಕಿದರೆ ಫೈಲು ಎತ್ತಿಕೊಂಡು ಇನ್ನೊಬ್ಬರ ಹತ್ತಿರ ಹೋಗಿ.

ಬಿಸಿ, ಬೆವರು, ನಿದ್ದೆ

ಎದೆಯಿಂದ ಶುರುವಾಗಿ ಕತ್ತು, ಮುಖಕ್ಕೆ ಬಿಸಿ ಏರುತ್ತದೆ. ಎರಡು ಮೂರು ನಿಮಿಷ ಬೆವರು, ಆಮೇಲೆ ಚಳಿ. ಮಿದುಳಿನಲ್ಲಿ ಮೈಬಿಸಿ ಕಾಯುವ ಭಾಗ ಈಸ್ಟ್ರೊಜೆನ್ ಕಡಿಮೆಯಾದಾಗ ಸಣ್ಣ ಬಿಸಿಗೂ ಗಾಬರಿ ಬೀಳುತ್ತದೆ, ಅಷ್ಟೇ. ಸಂಜೆಯ ಕಾಫಿ ಬಿಟ್ಟು ನೋಡಿ. ಖಾರ ಕಡಿಮೆ ಮಾಡಿ. ನೈಲಾನ್ ನೈಟಿ ಬಿಟ್ಟು ಹತ್ತಿಯದು ಹಾಕಿ. ಒಲೆ ಮುಂದೆ ನಿಂತಾಗ ಕಿಟಕಿ ತೆಗೆದಿರಲಿ. ಮುಖ್ಯವಾಗಿ, ಸೆಕೆಗಾಲದಲ್ಲಿ ಮೂರು ಹೊತ್ತೂ ಒಬ್ಬಳೇ ಒಲೆ ಮುಂದೆ ನಿಲ್ಲಬೇಕಿಲ್ಲ. ಮನೆಯಲ್ಲಿ ಬೇರೆಯವರಿಗೂ ಕೈಗಳಿವೆ.

ಇದರಿಂದ ಆಗದಿದ್ದರೆ ಹಾರ್ಮೋನು ಚಿಕಿತ್ಸೆ ಇದೆ. ಬಿಸಿ ಏರುವುದಕ್ಕೆ ಅದರಷ್ಟು ಚೆನ್ನಾಗಿ ಕೆಲಸ ಮಾಡುವ ಮದ್ದು ಇನ್ನೊಂದಿಲ್ಲ. 2002ರಲ್ಲಿ ಈ ಚಿಕಿತ್ಸೆಯಿಂದ ಅಪಾಯ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದರ ಸುದ್ದಿ ಬಂದ ಮೇಲೆ ಎಲ್ಲರೂ ಹೆದರಿದರು. ಆಮೇಲೆ ಅದೇ ಅಂಕಿಅಂಶಗಳನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ ಚಿತ್ರ ಬದಲಾಯಿತು. 60 ದಾಟದ, ಮುಟ್ಟು ನಿಂತು ಹತ್ತು ವರ್ಷವಾಗದ, ಬೇರೆ ಕಾಯಿಲೆ ಇಲ್ಲದ ಬಹುಪಾಲು ಹೆಂಗಸರಿಗೆ ಅಪಾಯಕ್ಕಿಂತ ಲಾಭವೇ ಹೆಚ್ಚು. ಸ್ತನ ಕ್ಯಾನ್ಸರ್, ರಕ್ತನಾಳದಲ್ಲಿ ಹೆಪ್ಪು, ಪಾರ್ಶ್ವವಾಯು, ಹೃದಯಾಘಾತ ಆದವರಿಗೆ, ಲಿವರ್ ಕಾಯಿಲೆ ಇರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅಂಥವರಿಗೆ ಹಾರ್ಮೋನಲ್ಲದ ಮಾತ್ರೆಗಳೂ ಇವೆ. ಗರ್ಭಕೋಶ ಇರುವವರು ಈಸ್ಟ್ರೊಜೆನ್ ಒಂದನ್ನೇ ತೆಗೆದುಕೊಳ್ಳಬಾರದು, ಜೊತೆಗೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಬೇಕೇ ಬೇಕು. ಪಕ್ಕದ ಮನೆಯವರ ಚೀಟಿ ನೋಡಿ ಮೆಡಿಕಲ್ ಶಾಪಿನಲ್ಲಿ ಕೊಳ್ಳುವ ಮಾತ್ರೆ ಇದಲ್ಲ.

ಕಾರಣವಿಲ್ಲದೆ ಅಳು, ಸಿಡುಕು, ಎದೆಗುದಿ ದಿನಗಟ್ಟಲೆ ಉಳಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಬಾಯಿ ಬಿಟ್ಟು ಹೇಳದ ತೊಂದರೆಗಳು

ಕೆಮ್ಮಿದರೆ, ನಕ್ಕರೆ ಮೂತ್ರ ಜಿನುಗುವುದು. ಕೆಳಗೆ ಒಣಗಿ ಉರಿಯುವುದು. ಗಂಡನ ಜೊತೆ ಸೇರಿದಾಗ ನೋವು. ಪದೇ ಪದೇ ಉರಿಮೂತ್ರ. ಬಿಸಿ ಏರುವುದು ಕೆಲವು ವರ್ಷದಲ್ಲಿ ತಗ್ಗಬಹುದು, ಒಣಗುವುದು ಮಾತ್ರ ಹಾಗೇ ಬಿಟ್ಟರೆ ಜಾಸ್ತಿಯಾಗುತ್ತದೆ. ಯೋನಿಯೊಳಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮ್ ಇದಕ್ಕೆ ಒಳ್ಳೆಯ ಮದ್ದು, ಮೈಗೆ ಸೇರುವುದು ತೀರಾ ಕಡಿಮೆ. ಜಿನುಗುವುದಕ್ಕೆ, ಮೂತ್ರ ತಡೆದುಕೊಳ್ಳುವಾಗ ಬಿಗಿಯುವ ಸ್ನಾಯುವನ್ನೇ ಬಿಗಿದು ಬಿಡುವ ವ್ಯಾಯಾಮ ಮಾಡಿ. ಬಸ್ಸಿನಲ್ಲಿ ಕೂತೂ ಮಾಡಬಹುದು. ಮೂರು ತಿಂಗಳಾದರೂ ಬಿಡದೆ ಮಾಡಬೇಕು.

ಮೂಳೆಯ ಲೆಕ್ಕ

ಮುಟ್ಟು ನಿಂತ ಮೊದಲ ಐದಾರು ವರ್ಷದಲ್ಲೇ ಮೂಳೆ ಬೇಗ ಸವೆಯುತ್ತದೆ. ಈ ವಯಸ್ಸಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ, ಒಂದು ಲೋಟ ಹಾಲಿನಲ್ಲಿ 240ರ ಆಸುಪಾಸು. ನುಗ್ಗೆಸೊಪ್ಪು, ಎಳ್ಳು, ಹುರುಳಿಯಲ್ಲೂ ಇದೆ. ಹಾಗೆಂದು ಎಲ್ಲರಿಗೂ ಹಾಲು ಕೊಟ್ಟು, ಪಾತ್ರೆಯ ತಳದಲ್ಲಿ ಉಳಿದದ್ದಕ್ಕೆ ಡಿಕಾಕ್ಷನ್ ಬೆರೆಸಿ ಕುಡಿದರೆ ಈ ಲೆಕ್ಕ ಕೂಡುವುದಿಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡೂ ಇದ್ದರೆ ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ರಾತ್ರಿ ತೆಗೆದುಕೊಳ್ಳಿ. ಕಬ್ಬಿಣದ ಮಾತ್ರೆಯ ಹಿಂದೆಮುಂದೆ ಕಾಫಿ, ಟೀ ಬೇಡ. ನಡಿಗೆ ಒಳ್ಳೆಯದೇ, ಆದರೆ ಅದೊಂದೇ ಸಾಲದು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ. ದಿನಾ ಎರಡು ಸುತ್ತು.

ಹನ್ನೆರಡು ತಿಂಗಳು ತುಂಬಿದ ಮೇಲೆ

ಚುಕ್ಕೆಯಿಲ್ಲದೆ ಹನ್ನೆರಡು ಪುಟ ದಾಟಿದರೆ ಮುಟ್ಟು ನಿಂತಂತೆ. ನಡುವೆ ಹನ್ನೊಂದನೇ ತಿಂಗಳಲ್ಲಿ ಆಯಿತೇ? ಲೆಕ್ಕ ಮತ್ತೆ ಮೊದಲಿಂದ. ಕೊನೆಯ ಮುಟ್ಟು 50ರ ಒಳಗೆ ಆಗಿದ್ದರೆ ಎರಡು ವರ್ಷ, 50 ದಾಟಿದ ಮೇಲೆ ಆಗಿದ್ದರೆ ಒಂದು ವರ್ಷ ಗರ್ಭ ನಿಲ್ಲದಂತೆ ಎಚ್ಚರಿಕೆ ಇರಲಿ. ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರಿಗೆ ಆ ಚಿಂತೆಯಿಲ್ಲ.

ಹನ್ನೆರಡು ತಿಂಗಳಾದ ಮೇಲೆ ರಕ್ತ ಕಂಡರೆ, ಒಂದು ಹನಿಯಾದರೂ ಸರಿ, ‘ಮತ್ತೆ ಮುಟ್ಟಾಯ್ತು’ ಎನ್ನಬೇಡಿ. ಬಹಳ ಸಲ ಕಾರಣ ಸಣ್ಣದೇ ಇರುತ್ತದೆ. ಆದರೆ ಗರ್ಭಕೋಶದ ಕ್ಯಾನ್ಸರ್ ಮೊದಲು ಕೊಡುವ ಸುಳಿವೂ ಇದೇ. ಬೇಗ ಸಿಕ್ಕರೆ ಚೆನ್ನಾಗಿ ವಾಸಿಯಾಗುವ ಕ್ಯಾನ್ಸರ್ ಅದು. ಹಬ್ಬ ಮುಗಿಯಲಿ, ಮಗಳ ಪರೀಕ್ಷೆ ಮುಗಿಯಲಿ ಎಂದು ಮುಂದೂಡದೆ, ಆ ವಾರದೊಳಗೇ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಹಳೆಯ ಕ್ಯಾಲೆಂಡರುಗಳನ್ನೂ ಒಯ್ಯಿರಿ.